ಹಳದಿ ಟೋಪಿಯ ಹಿರಿಯರಿಗೆ

ಅವತ್ತು ನಿಮ್ಮ ಹೆಸರು ಕೇಳಲೇ ಇಲ್ಲ. ಅದಕ್ಕೇ ಹೀಗೆ ಎಲ್ಲರೆದುರು ಬರೆಯುತ್ತಿದ್ದೇನೆ.

ಹನ್ನೊಂದು ವರ್ಷ 100 ಮತ್ತು 200 ಮೀಟರ್ ಓಡಿದವನು ನಾನು. 42.195 ಕಿಲೋಮೀಟರಿನ ಮ್ಯಾರಥಾನ್ ಅಂದರೂ ಅದೇ ಓಟ, ಸ್ವಲ್ಪ ಉದ್ದ ಅಷ್ಟೇ ಅಂದುಕೊಂಡಿದ್ದೆ. ಆ ಭಾನುವಾರ ಎಂಟನೇ ಕಿಲೋಮೀಟರಿಗೇ ಮೀನಖಂಡ ಹಿಡಿದುಕೊಂಡು ರಸ್ತೆ ಬದಿ ಕೂತೆ. ನಿಮ್ಮ ಓಟ ನಿಲ್ಲಿಸಿ ಬಂದಿರಿ. ಓಡುವವರಿಗೆ ಗೊತ್ತು, ಅದು ಸಣ್ಣ ಮಾತಲ್ಲ.

"ಮುಂಗಾಲಲ್ಲೇ ಓಡ್ತಿದೀರಲ್ಲ, ಮೊದಲು ಸ್ಪ್ರಿಂಟರಾ?" ಎಂದಿರಿ. ನಾಚಿಕೆಯಾಯಿತು. ನೋವು ಇಳಿದ ಮೇಲೆ ಎರಡು ಕಿಲೋಮೀಟರ್ ಜೊತೆಗೇ ಬಂದು, ಉದ್ದಕ್ಕೂ ಮಾತಾಡಿಸಿದಿರಿ. ಉತ್ತರ ಕೊಡುವಾಗ ನನಗೆ ಏದುಸಿರು ಬಂದರೆ ಸಾಕು, ಇನ್ನೂ ನಿಧಾನ ಮಾಡಿಸುತ್ತಿದ್ದಿರಿ. ಮಾತು ಕಡಿಯದ ವೇಗವೇ ಸದ್ಯ ನನ್ನ ವೇಗ ಅಂತ ಗೊತ್ತಾದದ್ದು ಹಾಗೆ. 100 ಮೀಟರಿನಲ್ಲಿ ಸ್ನಾಯು ಹೆಚ್ಚುಕಡಿಮೆ ತನ್ನಲ್ಲಿರುವ ಶಕ್ತಿಯ ದಾಸ್ತಾನಿನಲ್ಲೇ ಕೆಲಸ ಮುಗಿಸುತ್ತದೆ, ಇಲ್ಲಿ ಗಂಟೆಗಟ್ಟಲೆ ಆಮ್ಲಜನಕ ಪೂರೈಸುತ್ತಲೇ ಇರಬೇಕು. ಇದನ್ನು ಓದಿದ್ದೆ, ಕಾಲಿಗೆ ತಿಳಿದಿರಲಿಲ್ಲ.

ಈಗ ವಾರದ ಬಹುಪಾಲು ಓಟ ಆ ನಿಧಾನದ್ದೇ. ಸಣ್ಣ ಮಕ್ಕಳ ಸೈಕಲ್ಲೂ ನನ್ನನ್ನು ಹಿಂದೆ ಹಾಕುತ್ತದೆ (ಹಳೇ ಜಂಬಕ್ಕೆ ಒಳ್ಳೆ ಔಷಧ). ಒಂದು ದಿನ ಮಾತ್ರ ಕೊನೆಗೆ 20 ಸೆಕೆಂಡಿನ ನಾಲ್ಕೈದು ಚುರುಕು ಓಟ. "ಹಳೇ ಕಾಲನ್ನ ಪೂರ್ತಿ ಮರೀಬೇಡಿ" ಅಂದವರು ನೀವೇ ಅಲ್ವಾ.

ಹೋದ ವಾರ 24 ಕಿಲೋಮೀಟರ್ ಆಯಿತು, ಮೀನಖಂಡ ತಂಟೆ ಮಾಡಲಿಲ್ಲ. ತುಂಬಾ ಥ್ಯಾಂಕ್ಸ್ ಸರ್. ನಿಮ್ಮ ನೀರಿನ ಬಾಟಲಿ ಇನ್ನೂ ನನ್ನ ಹತ್ತಿರವೇ ಇದೆ.