ಭಾನುವಾರದ ಐಡಲ್ ಪ್ರಯೋಗ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಮೈಸೂರಿನ ಕುವೆಂಪುನಗರದ ನಮ್ಮ ಶೆಡ್‌ನಲ್ಲಿ ಎಂಜಿನ್ ಐಡಲ್ ವೇಗ (ಆಕ್ಸಿಲರೇಟರ್ ಒತ್ತದೆ ಸುಮ್ಮನೆ ಓಡುವಾಗಿನ ವೇಗ) ನಿಯಂತ್ರಣದ ಪ್ರಯೋಗವಿದೆ. ನಿಯಂತ್ರಕ (ಆ ವೇಗವನ್ನು ಹಿಡಿದಿಡುವ ಪ್ರೋಗ್ರಾಂ) ಬರೆದ ನಾಲ್ವರೂ ಬರಲೇಬೇಕು.

ಗುರಿ 750 ಆರ್‌ಪಿಎಂ. ಎಸಿ ಹಾಕಿದೊಡನೆ ವೇಗ ಕುಸಿಯುತ್ತದೆ. ಥ್ರಾಟಲ್ (ಗಾಳಿ ಬಿಡುವ ಕವಾಟ) ತೆರೆದರೂ, ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯಾದ ಮ್ಯಾನಿಫೋಲ್ಡ್‌ನಲ್ಲಿ ಗಾಳಿ ತುಂಬಲು ಹೊತ್ತು ಹಿಡಿಯುತ್ತದೆ. ಸ್ಪಾರ್ಕ್ ಸಮಯ (ಇಂಧನಕ್ಕೆ ಕಿಡಿ ಹೊತ್ತಿಸುವ ಗಳಿಗೆ) ಬದಲಿಸಿದರೆ ಪರಿಣಾಮ ಬೇಗ, ಆದರೆ ಅದರ ಮಿತಿ ಕಿರಿದು. ನಮ್ಮ ಎಂಪಿಸಿ (ಎಂಜಿನ್ನಿನ ಗಣಿತ ಮಾದರಿಯಿಂದ ಮುಂದಾಗುವುದನ್ನು ಊಹಿಸುವ ನಿಯಂತ್ರಕ) ಇವೆರಡನ್ನೂ ಮಿತಿಯೊಳಗೆ ಮುಂದಾಗಿ ಲೆಕ್ಕ ಹಾಕಿ, ಮೊದಲ ಹೆಜ್ಜೆಯನ್ನಷ್ಟೇ ಜಾರಿಮಾಡಿ, ಮತ್ತೆ ಹೊಸದಾಗಿ ಲೆಕ್ಕಕ್ಕೆ ಕೂರುತ್ತದೆ. ಹಳೆಯ ಪಿಐಡಿಯನ್ನೂ (ಗುರಿಗೂ ಈಗಿನ ವೇಗಕ್ಕೂ ಇರುವ ವ್ಯತ್ಯಾಸ ನೋಡಿ ತಿದ್ದುವ ಸರಳ ನಿಯಂತ್ರಕ) ಓಡಿಸಿ ಹೋಲಿಸೋಣ. ಅದನ್ನು ಹಗುರವಾಗಿ ಕಾಣಬೇಡಿ.

ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ ತನ್ನಿ (ಕಳೆದ ಸಲ ಕರೆಂಟ್ ಹೋದದ್ದು ನೆನಪಿದೆಯಲ್ಲ). ಹೊಗೆ ಹೋಗಲು ಶಟರ್ ತೆರೆದ ಮೇಲೆಯೇ ಎಂಜಿನ್ ಚಾಲೂ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ಇಡ್ಲಿಯ ಲೆಕ್ಕವನ್ನೂ ಹಾಕಬೇಕು.