ಅಮ್ಮನ ವಾಲ್ವು, ಆ ಪುಡಿ, ನಿನ್ನ ಕೆಲಸ

ಪುಟ್ಟೀ,

ನೀನು ಬೆಂಗಳೂರು ಬಸ್ಸು ಹತ್ತಿ ಇವತ್ತಿಗೆ ಒಂಬತ್ತು ದಿನ. ದಿನಾ ರಾತ್ರಿ ಅಮ್ಮನ ಫೋನಿಗೆ ಮಾಡುತ್ತೀಯ. ನನ್ನದಕ್ಕೆ ಮಾಡುವುದಿಲ್ಲ. ನಾನೂ ಮಾಡಿಲ್ಲ. ಹೊರಡುವ ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಆಡಿದ ಮಾತೆಲ್ಲ ಇಬ್ಬರಿಗೂ ನೆನಪಿದೆ, ಮತ್ತೆ ಬರೆಯುವುದು ಬೇಡ. ಗಿಡಮೂಲಿಕೆಯ ಸಂಶೋಧನೆಗೆ ಹೋಗುತ್ತೇನೆ ಅಂದದ್ದಕ್ಕೆ "ಇಂಜಿನಿಯರಿಂಗ್ ಓದಿಸಿದ್ದು ಸೊಪ್ಪು ಅರೆಯೋಕಾ" ಅಂದೆನಲ್ಲ, ಅದೊಂದನ್ನು ಮಾತ್ರ ವಾಪಸ್ ತಗೊಳ್ಳುತ್ತೇನೆ. ಫೋನಿನಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿಲ್ಲದ ವಿಷಯ ಒಂದಿದೆ. 2022ರ ಆಗಸ್ಟಿನಲ್ಲಿ ನೀನು ಹುಬ್ಬಳ್ಳಿ ಹಾಸ್ಟೆಲ್ಲಿನಲ್ಲಿದ್ದೆ. "ಅಮ್ಮನಿಗೆ ಮೂಗಲ್ಲಿ ಸ್ವಲ್ಪ ರಕ್ತ ಬಂದಿತ್ತು, ಮಾತ್ರೆ ಜಾಸ್ತಿ ಆಗಿತ್ತಂತೆ, ಒಂದು ದಿನ ಆಸ್ಪತ್ರೆಯಲ್ಲಿದ್ದು ಬಂದಳು" ಅಂತ ಹೇಳಿದ್ದೆ. ಅದು ಸುಳ್ಳು. ಇದ್ದದ್ದು ನಾಲ್ಕು ದಿನ. ಮಾತ್ರೆಯೂ ಜಾಸ್ತಿ ಆಗಿರಲಿಲ್ಲ.

ಅವಳ ವಾಲ್ವಿನ ಕಥೆ ನಿನಗೆ ಗೊತ್ತು. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವಿನ ಜ್ವರ ಬಂದು ಹೋಗಿತ್ತು. ಆ ಜ್ವರ ಹೃದಯದ ವಾಲ್ವನ್ನು ಕೆಡಿಸಿತ್ತು. 2008ರಲ್ಲಿ ಆಪರೇಷನ್ ಆದಾಗ ನಿನಗೆ ಐದು ವರ್ಷ. ಡಾಕ್ಟರು ಚಿತ್ರ ಬರೆದು ತೋರಿಸಿದಾಗ ನನಗೆ ಥಟ್ಟನೆ ಅರ್ಥವಾಗಿದ್ದು ನಮ್ಮ ಪಂಪ್‌ಸೆಟ್ಟಿನ ಫುಟ್‌ವಾಲ್ವ್. ಅದು ಸರಿಯಾಗಿ ಮುಚ್ಚದಿದ್ದರೆ ಮೇಲೆ ಹತ್ತಿದ ನೀರು ವಾಪಸ್ ಬಾವಿಗೇ ಇಳಿಯುತ್ತದೆ, ಮೋಟರು ಸುಮ್ನೆ ತಿರುಗಿ ಬಿಸಿಯಾಗುತ್ತದೆ. ಇವಳ ಎದೆಯಲ್ಲಿ ಆಗುತ್ತಿದ್ದುದೂ ಅದೇ. ಹಾಕಿದ್ದು ಚಿತ್ರಾ ವಾಲ್ವು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯವರು ಮಾಡಿದ್ದು. ಅವರ ಮೊದಲ ಮೂರು ಮಾದರಿಗಳು ಕೈಕೊಟ್ಟವು. ಕಲ್ಲಿಗಿಂತ ಗಟ್ಟಿ ಅಂತ ನೀಲಮಣಿಯ ಬಿಲ್ಲೆ ಹಾಕಿ ನೋಡಿದರೆ ಅದೇ ಒಡೆಯಿತು. ಕೊನೆಗೆ ಗೆದ್ದದ್ದು ಒಂದು ಜಾತಿಯ ಪ್ಲಾಸ್ಟಿಕ್ಕಿನ ಬಿಲ್ಲೆ, ಸುತ್ತ ಲೋಹದ ಗೂಡು, ಹೊಲಿಯಲು ಪಾಲಿಯೆಸ್ಟರ್ ಬಟ್ಟೆಯ ಬಳೆ. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದರು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಆ ಬಿಲ್ಲೆ ತೆರೆದು ಮುಚ್ಚಬೇಕು. ಮೂವತ್ತು ವರ್ಷದಿಂದ ಮೋಟರ್ ರಿಪೇರಿ ಮಾಡಿದವನು ನಾನು. ಅಷ್ಟು ಸಲ ತೆರೆದು ಮುಚ್ಚಿಯೂ ಸವೆಯದ ವಾಲ್ವನ್ನು ನಾನು ನೋಡಿಲ್ಲ.

ಆದರೆ ಅಂಥ ವಾಲ್ವಿದ್ದವರು ಸಾಯುವವರೆಗೂ ರಕ್ತ ತೆಳುವಾಗುವ ಮಾತ್ರೆ ನುಂಗಬೇಕು. ಇಲ್ಲದಿದ್ದರೆ ವಾಲ್ವಿನಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಜಾಸ್ತಿ ತೆಳುವಾದರೆ ಎಲ್ಲೆಂದರಲ್ಲಿ ಸೋರುತ್ತದೆ. ಅಮ್ಮನ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಅಂತ ಹೇಳುವ ಅಂಕಿ, ಎರಡೂವರೆಯಿಂದ ಮೂರೂವರೆ ಒಳಗೇ ಇರಬೇಕು ಅಂತ ಹಸಿರು ಡೈರಿಯಲ್ಲಿ ಬರೆದಿಟ್ಟುಕೊಂಡು ತಿಂಗಳು ತಿಂಗಳೂ ಟೆಸ್ಟ್ ಮಾಡಿಸುತ್ತಿದ್ದವನು ನಾನೇ.

ಆ ವರ್ಷ ಅವಳಿಗೆ ಮಂಡಿ ನೋವು ಜೋರಾಗಿತ್ತು. ಮಳೆಗಾಲ ಬೇರೆ. ಕೊಟ್ಟಿಗೆಗೆ ಹೋಗಿ ಬರಲೂ ಗೋಡೆ ಹಿಡಿಯುತ್ತಿದ್ದಳು. ಮೋಟರ್ ತಂದ ಗಿರಾಕಿಯೊಬ್ಬರು ಒಂದು ಊರಿನ ಹೆಸರು ಹೇಳಿದರು, ಅಲ್ಲಿ ಪುಡಿ ಕೊಡುತ್ತಾರೆ, ತುಂಬಾ ಜನಕ್ಕೆ ವಾಸಿಯಾಗಿದೆ ಅಂತ. ನಾನೇ ಹೋಗಿ ತಂದೆ. ಅವಳಿಗೆ ಬೇಡವಾಗಿತ್ತು. "ಡಾಕ್ಟರನ್ನ ಒಂದು ಮಾತು ಕೇಳಿ" ಅಂದಳು. "ಸೊಪ್ಪು ಬೇರು ತಾನೇ, ಏನೂ ಮಾಡಲ್ಲ" ಅಂದೆ. ದಿನಾ ಬೆಳಿಗ್ಗೆ ಬಿಸಿನೀರಿಗೆ ಒಂದು ಚಮಚ ಕದಡಿ ನಾನೇ ಕೊಟ್ಟೆ. ಒಂದೇ ವಾರಕ್ಕೆ ಮಂಡಿ ಸಲೀಸಾಯಿತು. ನನಗೆ ಎಷ್ಟು ಖುಷಿ ಅಂದರೆ, ಅಂಗಡಿಗೆ ಬಂದವರಿಗೆಲ್ಲ ಹೇಳಿದೆ.

ಮೂರನೇ ವಾರ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ. ಬ್ರಷ್ ಗಟ್ಟಿಯಿರಬೇಕು ಅಂದುಕೊಂಡೆವು. ಮರುದಿನ ತೊಡೆಯ ಮೇಲೆ ಅಂಗೈ ಅಗಲದ ನೀಲಿ ಕಲೆ. ಕೊಟ್ಟಿಗೆ ಬಾಗಿಲು ತಾಗಿರಬೇಕು ಅಂದಳು. ಆ ರಾತ್ರಿ ಕರೆಂಟ್ ಇರಲಿಲ್ಲ. ಮಲಗಿದವಳು ಎದ್ದು ಕೂತು "ಮೂಗು ಸೋರ್ತಿದೆ, ಶೀತ ಇರಬೇಕು, ಬಟ್ಟೆ ಕೊಡಿ" ಅಂದಳು. ಟಾರ್ಚ್ ಹಾಕಿದೆ. ದಿಂಬು ಪೂರ್ತಿ ಕೆಂಪು. ಬೈರಾಸ ಕೊಟ್ಟೆ, ಒದ್ದೆಯಾಯಿತು. ಇನ್ನೊಂದು ಕೊಟ್ಟೆ. ಪಕ್ಕದ ಮನೆಯವರ ಓಮ್ನಿಯಲ್ಲಿ ಹೊರಟೆವು. ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರ್, ಆ ಮಳೆಯಲ್ಲಿ. ಆನಂದಪುರ ದಾಟುವಾಗ ಅವಳು ಮಾತು ನಿಲ್ಲಿಸಿದಳು. ಓಮ್ನಿ ಸದ್ದಿನಲ್ಲಿ ವಾಲ್ವಿನ ಟಿಕ್ ಟಿಕ್ ಕೇಳಿಸುತ್ತಿರಲಿಲ್ಲ. ನಾನು ಅವಳ ಎದೆಗೆ ಕಿವಿಯಿಟ್ಟು ಬಗ್ಗಿಕೊಂಡೇ ಕೂತಿದ್ದೆ.

ಐಎನ್‌ಆರ್ ಒಂಬತ್ತು ದಾಟಿತ್ತು. ಡ್ಯೂಟಿ ಡಾಕ್ಟರಮ್ಮ ಚಿಕ್ಕವಳು, ನಿನ್ನ ಈಗಿನ ವಯಸ್ಸಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. "ಬೇರೆ ಏನಾದರೂ ಔಷಧಿ, ಕಷಾಯ, ಪುಡಿ ತಗೊಂಡಿದ್ರಾ?" ಅಂತ ಕೇಳಿದಳು.

ನಾನು "ಇಲ್ಲ" ಅಂದೆ.

ಇದನ್ನು ಬರೆಯಲು ಮೂರು ದಿನ ಬೇಕಾಯಿತು ನೋಡು. ಯಾಕೆ ಹಾಗಂದೆ? ಬೈತಾರೆ ಅಂತಲಾ, ನಾಚಿಕೆಯಾ, ಇವತ್ತಿಗೂ ಗೊತ್ತಿಲ್ಲ. ಅಮ್ಮ ಅರೆಗಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದಳು. ಏನೂ ಹೇಳಲಿಲ್ಲ. ನನ್ನ ಮರ್ಯಾದೆ ಉಳಿಸಿದಳು. ಅರ್ಧ ಗಂಟೆ ಆದಮೇಲೆ ತಡೆಯಲಾಗದೆ ಡಾಕ್ಟರಮ್ಮನ ಹಿಂದೆ ಓಡಿಹೋಗಿ ನಿಜ ಹೇಳಿದೆ. ಅವಳು ಬೈಯಲಿಲ್ಲ. "ಪುಡಿಯಲ್ಲಿ ಏನಿತ್ತು?" ಅಂದಳು. ನನಗೆ ಗೊತ್ತಿರಲಿಲ್ಲ. ಕೆಲವು ಪುಡಿಗಳಲ್ಲಿ ನೋವಿನ ಮಾತ್ರೆ, ಸ್ಟೀರಾಯ್ಡ್ ಅರೆದು ಸೇರಿಸಿರುತ್ತಾರಂತೆ. ಬರೀ ಬೇರು ಸೊಪ್ಪೇ ಇದ್ದರೂ ಅಮ್ಮನ ಮಾತ್ರೆಗೆ ಆಗದಂಥವು ಬೇಕಾದಷ್ಟಿವೆಯಂತೆ. ಮಾತ್ರೆಯ ಪ್ರಭಾವ ಇಳಿಸುವ ವಿಟಮಿನ್ ಕೆ ಜಾಸ್ತಿ ಕೊಟ್ಟರೆ ವಾಲ್ವು ಹೆಪ್ಪುಗಟ್ಟುವ ಭಯ, ಕೊಡದಿದ್ದರೆ ತಲೆಯೊಳಗೆ ರಕ್ತ ಸೋರುವ ಭಯ. ಏನು ತಿಂದಿದ್ದಾಳೆ ಅಂತಲೇ ಗೊತ್ತಿಲ್ಲದೆ ಅವರು ಅವಳನ್ನು ನಾಲ್ಕು ದಿನ ಎರಡರ ಮಧ್ಯೆ ನಡೆಸಿದರು.

ಮನೆಗೆ ಬಂದವನೇ ಕಾಂಪೌಂಡಿನ ಅಮೃತಬಳ್ಳಿಯನ್ನು ಬೇರು ಸಮೇತ ಕಿತ್ತೆ. ದಸರಾ ರಜೆಗೆ ಬಂದಾಗ ಬಳ್ಳಿ ಎಲ್ಲಿ ಅಂತ ನೀನು ಕೇಳಿದ್ದೆ, ಹಸು ತಿಂತು ಅಂತ ನಾನು ಅಂದಿದ್ದೆ. ಅದೂ ಸುಳ್ಳು. ಪಾಪ, ಆ ಬಳ್ಳಿ ಏನೂ ಮಾಡಿರಲಿಲ್ಲ. ಸಿಟ್ಟು ಇದ್ದದ್ದು ನನ್ನ ಮೇಲೆ. ಅವತ್ತಿನಿಂದ ಗಿಡಮೂಲಿಕೆ ಅಂದರೆ ಉರಿದುಬೀಳುತ್ತೇನೆ. ನೀನು ಸಿಕ್ಕ ಕೆಲಸ ಬಿಟ್ಟು ಗಿಡಮೂಲಿಕೆಯ ಸಂಶೋಧನೆಗೆ ಹೋಗುತ್ತೇನೆ ಅಂದಾಗಲೂ ಅದೇ ಸಿಟ್ಟು ಬಾಯಿಗೆ ಬಂತು.

ನೀನು ಹೋದಮೇಲೆ ಅಂಗಡಿ ಮುಚ್ಚಿ ಬಂದು ರಾತ್ರಿಯೆಲ್ಲ ಓದಿದೆ. ಚಿತ್ರಾ ವಾಲ್ವಿನ ಹಿಂದಿದ್ದ ಸರ್ಜನ್ ಡಾ. ಎಂ.ಎಸ್. ವಲಿಯತ್ತಾನ್ ಅವರು ಆಮೇಲೆ ಮಣಿಪಾಲಕ್ಕೆ ಬಂದು ಚರಕ, ಸುಶ್ರುತ, ವಾಗ್ಭಟರನ್ನು ಓದುತ್ತಾ ಕೂತರಂತೆ. ಓದಿ ಸುಮ್ಮನಾಗಲಿಲ್ಲ, ಆಯುರ್ವೇದದ ಮಾತುಗಳನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ಅಂತ ವಿಜ್ಞಾನಿಗಳನ್ನು ಹುರಿದುಂಬಿಸಿದರು. ಬನಾರಸ್ಸಿನಲ್ಲಿ ವಿಜ್ಞಾನಿಗಳು ನೆಲ್ಲಿಕಾಯಿ ರಸಾಯನವನ್ನು ಹಣ್ಣಿನ ನೊಣಗಳಿಗೆ ತಿನ್ನಿಸಿ ನೋಡಿದರು. ವಲಿಯತ್ತಾನ್ 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು, ತೊಂಬತ್ತು ವರ್ಷ. ಲಕ್ಷಕ್ಕೂ ಜಾಸ್ತಿ ಜನರ ಎದೆಯಲ್ಲಿ ಕೂತಿರುವ ವಾಲ್ವಿನ ಹಿಂದಿದ್ದವರಿಗೆ ಸೊಪ್ಪು ಬೇರು ಸಣ್ಣ ವಿಷಯ ಅನ್ನಿಸಲಿಲ್ಲ. ನನಗೆ ಅನ್ನಿಸಿತು.

ಇನ್ನೊಂದು ಓದಿ ಎದ್ದು ಕೂತೆ. ರಕ್ತ ತೆಳುವಾಗಲು ಅಮ್ಮ ನುಂಗುವ ವಾರ್ಫರಿನ್ ಮಾತ್ರೆ ಹುಟ್ಟಿದ್ದೇ ಕೆಟ್ಟ ಹುಲ್ಲಿನಿಂದ. 1920ರ ದಶಕದಲ್ಲಿ ಕೆನಡಾ, ಅಮೆರಿಕದ ಉತ್ತರದ ಕಡೆ ಹಸುಗಳು ಸುಮ್ಮಸುಮ್ಮನೆ ರಕ್ತ ಸೋರಿ ಸಾಯುತ್ತಿದ್ದವು. ಸ್ವೀಟ್ ಕ್ಲೋವರ್ ಅನ್ನುವ ಮೇವು ಬೂಸ್ಟು ಹಿಡಿದಿತ್ತು, ಅದನ್ನು ತಿಂದು. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ ಹಿಮ ಸುರಿಯುತ್ತಿರುವಾಗ ಸತ್ತ ಕಡಸು, ಆ ಮೇವು, ಹಾಲಿನ ಕ್ಯಾನಿನ ತುಂಬಾ ಹೆಪ್ಪುಗಟ್ಟದ ರಕ್ತ ಹೇರಿಕೊಂಡು ಯೂನಿವರ್ಸಿಟಿಯ ಕಾರ್ಲ್ ಲಿಂಕ್ ಅವರ ಲ್ಯಾಬಿಗೆ ಹೋದ. ಏನಿದೆ ಇದರಲ್ಲಿ ಅಂತ ಹುಡುಕಲು ಅವರಿಗೆ ಆರು ವರ್ಷ ಹಿಡಿಯಿತು. ಅದರಿಂದ ಮೊದಲು ಇಲಿ ಪಾಷಾಣ ಬಂತು, 1948ರಲ್ಲಿ. ಮನುಷ್ಯರಿಗೆ ಮಾತ್ರೆಯಾಗಿ 1954ರಲ್ಲಿ. ಹಾಗಾದರೆ ನಿನ್ನ ಅಮ್ಮ ಬದುಕಿರುವುದು ಒಂದು ಲೋಹದ ಗೂಡು, ಒಬ್ಬ ಸರ್ಜನ್ನಿನ ಸೂಜಿ, ಬೂಸ್ಟು ಹಿಡಿದ ಹುಲ್ಲು ಮೂರೂ ಸೇರಿ. ಇದರಲ್ಲಿ ಯಾವುದು ದೊಡ್ಡ ಓದು ಅಂತ ನಾನು ಊಟದ ತಟ್ಟೆಯ ಮುಂದೆ ಕೂತು ತೀರ್ಪು ಕೊಟ್ಟೆ.

ನೀನು ಅಮ್ಮನಿಗೆ ಹೇಳುವಾಗ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೇನೆ. ಅಣುಗಳನ್ನು ತೂಗಿ ಬೇರೆ ಬೇರೆ ಮಾಡುವ ಮಾಸ್ ಸ್ಪೆಕ್ಟ್ರೋಮೀಟರ್ ನಿನ್ನ ಕೈಗೆ ಸಿಗುತ್ತದಂತೆ. ಗಿಡಮೂಲಿಕೆಯಲ್ಲಿ ಏನಿದೆ, ಯಾವ ಮಾತ್ರೆಯ ಜೊತೆ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡುವ ಕೆಲಸವಂತೆ. ಕೇಳಿ ಹೆಮ್ಮೆಯಾಯಿತು. ಬಾಗಿಲು ದೂಡಿ ಒಳಗೆ ಬಂದು ಹೇಳಬೇಕಿತ್ತು.

ಉಪದೇಶ ಬೇಡ ಅಂದುಕೊಂಡೇ ಶುರು ಮಾಡಿದ್ದೆ, ಆದರೂ ಕೇಳು. ಬೇರು ನಾರು ಅಂದರೆ ಒಳ್ಳೆಯದೇ ಅನ್ನುವವರನ್ನೂ ನಂಬಬೇಡ, ಎಲ್ಲ ಮೋಸ ಅನ್ನುವ ನನ್ನಂಥವರನ್ನೂ ನಂಬಬೇಡ. ಮನೆ ಮುಂದಿನ ಕಾಶಿ ಕಣಗಿಲೆಯನ್ನು ಸಕ್ಕರೆ ಕಾಯಿಲೆಗೆ ಆಗುತ್ತದಾ ಅಂತ ನೋಡಹೋದವರಿಗೆ ಸಿಕ್ಕಿದ್ದು ಮಕ್ಕಳ ರಕ್ತದ ಕ್ಯಾನ್ಸರಿಗೆ ಮದ್ದು. ಅಂದುಕೊಂಡದ್ದು ಬರಲಿಲ್ಲ ಅಂತ ಲೆಕ್ಕವನ್ನು ತಿದ್ದಬೇಡ, ಬಂದದ್ದನ್ನು ಬಂದ ಹಾಗೆ ಬರಿ. ಯಾರಾದರೂ ಹೆದರಿಕೊಂಡು ಸುಳ್ಳು ಹೇಳಿದರೆ ಬೈಯಬೇಡ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಕೇಳು. ರಾತ್ರಿ ಲ್ಯಾಬಿನಿಂದ ಒಬ್ಬಳೇ ಬರಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ಕೆಲಸ ಬಿಟ್ಟದ್ದಕ್ಕೆ ದುಡ್ಡು ಸಾಲದೆ ಹೋದರೆ ನನ್ನನ್ನು ಕೇಳು, ಅಮ್ಮನ ಮೂಲಕ ಬೇಡ.

ಇದರ ಜೊತೆ ಒಂದು ಸಣ್ಣ ಹಾರ್ಲಿಕ್ಸ್ ಬಾಟಲಿ ಬರುತ್ತಿದೆ. ಆ ಪುಡಿ. ಅವತ್ತು ಮೂರು ಚಮಚದಷ್ಟು ಉಳಿದಿತ್ತು. ಎಸೆಯಲು ಕೈ ಬರಲಿಲ್ಲ, ಅಂಗಡಿಯಲ್ಲಿ ವೈಂಡಿಂಗ್ ತಂತಿಯ ಡಬ್ಬದ ಹಿಂದೆ ಇಟ್ಟಿದ್ದೆ. ಮುಚ್ಚಳಕ್ಕೆ ಮೇಣ ಹಾಕಿದ್ದೇನೆ, ತೇವ ಒಳಗೆ ಹೋಗಿರಲಿಕ್ಕಿಲ್ಲ. ತಂದ ತಾರೀಖು, ದಿನಕ್ಕೆ ಎಷ್ಟು ಕೊಟ್ಟೆ, ಎಷ್ಟು ದಿನ ಕೊಟ್ಟೆ ಎಲ್ಲ ಬರೆದು ಅಂಟಿಸಿದ್ದೇನೆ. ನಿಮ್ಮ ಸರ್ ಹತ್ತಿರ ಕೇಳಿ, ಅವರು ಆಗಲಿ ಅಂದರೆ ಯಂತ್ರಕ್ಕೆ ಹಾಕಿ ನೋಡು. ಏನೇ ಇದ್ದರೂ ನನಗೆ ಹೇಳು. ನನ್ನ ಫೋನಿಗೇ ಮಾಡು.

ಅಪ್ಪ