ಪೋಷಕರ ಸಭೆಯಲ್ಲಿ ಅರ್ಧ ಗಂಟೆ ಮಾರ್ಕ್ಸ್ ಕಾರ್ಡ್ ಮುಚ್ಚಿಡೋಣ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮೇಷ್ಟ್ರು. ಒಮ್ಮೆ ಹತ್ತನೇ ತರಗತಿಗೆ ‘ನನ್ನ ಅಪ್ಪ’ ಅಂತ ಪ್ರಬಂಧ ಕೊಟ್ಟಿದ್ದೆ. ಎಲ್ಲರೂ ಗೈಡಿನ ಮಾತನ್ನೇ ಇಳಿಸಿದರು: ಅಪ್ಪ ಕಷ್ಟಜೀವಿ, ಅಪ್ಪ ದೇವರು. ಹಾಸ್ಟೆಲಿನ ಹುಡುಗಿಯೊಬ್ಬಳು ಮಾತ್ರ ಮೂರೇ ಸಾಲು ಬರೆದಿದ್ದಳು. “ಅಪ್ಪ ಫೋನ್ ಮಾಡಿದರೆ ಟೆಸ್ಟಿನಲ್ಲಿ ಎಷ್ಟು ಬಂತು ಅಂತ ಕೇಳುತ್ತಾರೆ. ಊಟ ಆಯ್ತಾ ಅಂತ ಅಮ್ಮ ಹಿಂದಿನಿಂದ ಕೂಗುತ್ತಾಳೆ. ಅಷ್ಟರಲ್ಲಿ ಅಪ್ಪ ಫೋನ್ ಇಟ್ಟಿರುತ್ತಾರೆ.”

ಆ ದಿನಗಳಲ್ಲಿ ಅವಳು ಊಟದ ಬೆಲ್ ಹೊಡೆದರೂ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದಳು. ಸೋಮಾರಿತನ ಅಂತ ಗದರಿದ್ದೆ. ಆ ಗದರಿಕೆಗೆ ಈಗಲೂ ನಾಚಿಕೆಯಾಗುತ್ತದೆ.

ಪೋಷಕರ ಸಭೆಗೆ ಅವಳ ಅಪ್ಪ ಮೊದಲ ಬಸ್ಸಿಗೇ ಬಂದಿದ್ದರು, ಕೈಯಲ್ಲಿ ಚಕ್ಕುಲಿ ಡಬ್ಬಿ. “ಡಿಸ್ಟಿಂಕ್ಷನ್ ಬರುತ್ತಾ ಸಾರ್? ನಾವು ದುಡಿಯೋದೆಲ್ಲ ಅವಳಿಗೋಸ್ಕರ ತಾನೇ?” ಅಂದರು. ಸುಳ್ಳಲ್ಲ. ಆದರೆ ಮಗಳಿಗೆ ತಲುಪಿದ್ದು ಮೊದಲ ಪ್ರಶ್ನೆ ಮಾತ್ರ.

1979ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಗಾರ್ಡನ್ ಪಾರ್ಕರ್ ಮತ್ತು ಸಂಗಡಿಗರು 25 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ರೂಪಿಸಿದರು. 16 ವಯಸ್ಸಿನವರೆಗೆ ಅಪ್ಪ-ಅಮ್ಮ ತಮಗೆ ಹೇಗೆ ಕಂಡರು ಅಂತ ಮಕ್ಕಳೇ, ಬೆಳೆದ ಮೇಲೆ ನೆನೆದು, ಅದರಲ್ಲಿ ಹೇಳಬೇಕು. ‘ಅಕ್ಕರೆ ಕಡಿಮೆ, ಹಿಡಿತ ಜಾಸ್ತಿ’ ಎನ್ನುವವರಲ್ಲಿ ಖಿನ್ನತೆ ಹೆಚ್ಚಾಗಿ ಕಾಣುತ್ತದೆ ಎಂದು ಆಮೇಲೆ ಹಲವು ಅಧ್ಯಯನಗಳು ಹೇಳಿವೆ. ಖಿನ್ನತೆಗೆ ಬಿದ್ದ ಮಗುವಿಗೆ ಮನೆಯವರ ಪ್ರೀತಿ ಕಾಣದೆ ಹೋಗುವುದೂ ಉಂಟು. ಹಾಗಾಗಿ ಹೆತ್ತವರನ್ನು ಕಟಕಟೆಗೆ ಹತ್ತಿಸಲು ಈ ಪತ್ರ ಬರೆಯುತ್ತಿಲ್ಲ.

ನಿಮ್ಹಾನ್ಸ್ ಮುಂದಾಳತ್ವದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. 40 ಮಕ್ಕಳ ತರಗತಿಯೆಂದರೆ ಹೆಚ್ಚೂಕಡಿಮೆ ಮೂವರು. ಆ ಮೂವರು ಯಾರು ಅಂತ ಗುರುತಿಸುವ ತರಬೇತಿ ನನಗೆ ಯಾರೂ ಕೊಟ್ಟಿಲ್ಲ ಸ್ವಾಮಿ. ಫಲಿತಾಂಶ ಏಕೆ ಕುಸಿಯಿತು ಅಂತ ನೋಟಿಸು ಮಾತ್ರ ತಪ್ಪದೆ ಬರುತ್ತದೆ.

ವರ್ಷಕ್ಕೊಂದು ಪೋಷಕರ ಸಭೆಯಲ್ಲಿ ಅರ್ಧ ಗಂಟೆ ಅಂಕದ ಮಾತು ಬೇಡವೆಂದು ಸುತ್ತೋಲೆ ಹೊರಡಿಸಿ. ಮಕ್ಕಳು ಹೆಸರಿಲ್ಲದೆ ಬರೆದ ಚೀಟಿಗಳನ್ನು ಅಲ್ಲಿ ಓದೋಣ. ಜಿಲ್ಲಾ ಆಸ್ಪತ್ರೆಯಿಂದ ಆಪ್ತಸಮಾಲೋಚಕರೊಬ್ಬರು ಬಂದು ಕೂರಲಿ. ಮಾರ್ಕ್ಸ್ ಕಾರ್ಡಿನಲ್ಲಿ ಪೋಷಕರ ಸಹಿಯ ಪಕ್ಕ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಅಚ್ಚಾಗಲಿ. ಹೆಚ್ಚಿನ ಖರ್ಚೇನೂ ಇಲ್ಲ.

ಅಂದು ಆ ಅಪ್ಪನಿಗೆ, ಮುಂದಿನ ಸಲ ಫೋನ್ ಮೊದಲು ಅಮ್ಮನ ಕೈಗೆ ಕೊಡಿ ಅಂತಷ್ಟೇ ಹೇಳಿದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಮೇಷ್ಟ್ರು